ತಕ್ಕಡಿಗೆ ಮುದ್ರೆ ಹಾಕುವವರು ಯಾರು?

ಚಿಂತಾಮಣಿಯ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಯಾವ ಸಣ್ಣ ವ್ಯಾಪಾರಿಯನ್ನಾದರೂ ಕೇಳಿ ನೋಡಿ. ತಕ್ಕಡಿಗೂ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಬೀಳದೆ ಅವನು ಒಂದು ಕೆ.ಜಿ. ಬೇಳೆಯನ್ನೂ ತೂಗಿ ಮಾರುವಂತಿಲ್ಲ. ಮುದ್ರೆಯ ವಾಯಿದೆ ಮೀರಿದರೆ ದಂಡ ತಪ್ಪದು. ಇದು ನ್ಯಾಯವಾದ ಕಾನೂನು, ನಾವು ಆಕ್ಷೇಪಿಸುವುದಿಲ್ಲ. ಆದರೆ ಮನುಷ್ಯರ ದುಡಿಮೆಯನ್ನು ತೂಗಲು ದೆಹಲಿಯಲ್ಲಿ ಕುಳಿತು ಮಾಡಿದ ತಕ್ಕಡಿಯೊಂದಿದೆ. ಅದಕ್ಕೆ ಮುದ್ರೆ ಹಾಕಿದವರು ಯಾರು? ಅದು ಸರಿಯಾಗಿ ತೂಗುತ್ತದೆಯೇ ಎಂದು ಪರೀಕ್ಷಿಸಿದವರು ಯಾರು?

ನಾವು ಹೇಳುತ್ತಿರುವುದು ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರು ವರ್ಷವರ್ಷವೂ ಒಪ್ಪಿಸಬೇಕಾದ ಮೌಲ್ಯಮಾಪನದ ಲೆಕ್ಕದ ವಿಚಾರ. ಗಿರಣಿಯಲ್ಲಿ ದುಡಿಯುವವನಿಗೆ ಈ ಗೊಡವೆ ಏಕೆ ಎನ್ನಬೇಡಿ. ನಿಮ್ಮ ಮಗ, ನಿಮ್ಮ ಮಗಳು ಕೂತು ಪಾಠ ಕೇಳುವುದು ಅದೇ ಅಧ್ಯಾಪಕರ ಮುಂದೆ. ಅವರ ಸಂಬಳಕ್ಕೆ ಹೋಗುವುದು ನೀವು ಕೊಳ್ಳುವ ಬೆಂಕಿಪೊಟ್ಟಣದ ಮೇಲಿನ ತೆರಿಗೆಯೂ ಹೌದು.

ಗೌರಿಬಿದನೂರಿನ ಒಬ್ಬ ಕಾರ್ಮಿಕ ಮಿತ್ರರು ನಮ್ಮೊಡನೆ ವಾದಕ್ಕೆ ನಿಂತರು. "ನಾವು ಎಂಟು ಗಂಟೆ ಯಂತ್ರದ ಮುಂದೆ ನಿಲ್ಲುತ್ತೇವೆ. ಐದು ನಿಮಿಷ ತಡವಾದರೆ ಹಾಜರಿಗೆ ಕತ್ತರಿ. ಮೇಷ್ಟರುಗಳು ದಿನಕ್ಕೆ ಎರಡು ಮೂರು ಪಾಠ ಹೇಳಿ ಮನೆಗೆ ಹೋಗುತ್ತಾರೆ. ಅವರನ್ನು ಲೆಕ್ಕ ಕೇಳಿದರೆ ತಪ್ಪೇನು?" ಎಂದರು. ತಪ್ಪಿಲ್ಲ. ಜನರ ಹಣದಿಂದ ಸಂಬಳ ಪಡೆಯುವವರು ಜನರಿಗೆ ಲೆಕ್ಕ ಒಪ್ಪಿಸಲೇಬೇಕು. ತರಗತಿಗೆ ಹೋಗದೆ ಸಂಬಳ ಎಣಿಸುವ ಅಧ್ಯಾಪಕನನ್ನು ಸಮರ್ಥಿಸುವ ಕೆಲಸ ಸಮಾಜವಾದಿಗಳದಲ್ಲ. ನಮ್ಮ ತಕರಾರು ಲೆಕ್ಕ ಕೇಳುವುದರ ಮೇಲಲ್ಲ. ಯಾವುದನ್ನು ತೂಗುತ್ತಾರೆ, ಯಾರು ತೂಗುತ್ತಾರೆ, ಯಾರನ್ನು ತಕ್ಕಡಿಯ ಹತ್ತಿರಕ್ಕೂ ಬಿಡುವುದಿಲ್ಲ ಎಂಬುದರ ಮೇಲೆ.

ಈ ತಕ್ಕಡಿಯ ಚರಿತ್ರೆಯನ್ನು ನೋಡಿ. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯು.ಜಿ.ಸಿ., ಎ.ಪಿ.ಐ. ಎಂಬ ಅಂಕಪದ್ಧತಿಯನ್ನು ತಂದಿತು. ಪಾಠಕ್ಕೆ ಇಷ್ಟು ಅಂಕ, ಸಮಿತಿಯ ಕೆಲಸಕ್ಕೆ ಇಷ್ಟು ಅಂಕ, ಪರಿಣತರು ಪರಿಶೀಲಿಸುವ ಪತ್ರಿಕೆಯಲ್ಲಿ ಒಂದು ಸಂಶೋಧನ ಲೇಖನ ಬಂದರೆ 15 ಅಂಕ, ಅಂಥ ಪರಿಶೀಲನೆ ಇಲ್ಲದ ಪತ್ರಿಕೆಯಾದರೆ 10. ಬಡ್ತಿ ಬೇಕೆಂದರೆ ಅಂಕ ಕೂಡಿಸಬೇಕು. ಹಳ್ಳಿಯಿಂದ ಬಸ್ಸು ಹತ್ತಿ ಬರುವ ಹುಡುಗನಿಗೆ ಸಂಜೆ ಒಂದು ಗಂಟೆ ಹೆಚ್ಚು ಕೂತು ಲೆಕ್ಕ ಹೇಳಿಕೊಡುವವರು, ಆ ಗಂಟೆಯನ್ನು ಲೇಖನಕ್ಕೆ ಕೊಟ್ಟವರ ಹಿಂದೆ ಬೀಳಬೇಕಾಯಿತು.

ಪರಿಣಾಮ ಏನಾಯಿತು? ಎಲ್ಲಿ ಗಿರಾಕಿ ಇರುತ್ತಾನೋ ಅಲ್ಲಿ ಅಂಗಡಿ ಏಳುತ್ತದೆ. ದುಡ್ಡು ಕಟ್ಟಿದರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು. 2018ರ ಮೇ ತಿಂಗಳಲ್ಲಿ ಯು.ಜಿ.ಸಿ.ಯೇ ತಾನು ಒಪ್ಪಿದ್ದ ಪತ್ರಿಕೆಗಳ ಪಟ್ಟಿಯಿಂದ 4,305 ಹೆಸರುಗಳನ್ನು ಕಿತ್ತುಹಾಕಿತು. ಒಂದು ಕಲ್ಲು ಹಗುರವಾಗಿದ್ದರೆ ವ್ಯಾಪಾರಿಗೆ ದಂಡ. ನಾಲ್ಕು ಸಾವಿರ ಕಲ್ಲುಗಳನ್ನು ಹಿಂದಕ್ಕೆ ತೆಗೆದುಕೊಂಡವರಿಗೆ ಯಾವ ದಂಡ ಬಿತ್ತು? ದುಡ್ಡು ಕೊಟ್ಟು ಲೇಖನ ಅಚ್ಚು ಹಾಕಿಸಿಕೊಂಡ ಅಧ್ಯಾಪಕರನ್ನೂ ನಾವು ಕ್ಷಮಿಸುವುದಿಲ್ಲ. ಕಳ್ಳ ಮಾಲು ಕೊಂಡವನೂ ಕಳ್ಳತನದಲ್ಲಿ ಪಾಲುದಾರನೇ.

ಅದೇ 2018ರ ಜುಲೈನಲ್ಲಿ ಹೊಸ ನಿಯಮ ಬಂತು. ಹಂಚಿಕೊಟ್ಟ ಪಾಠಗಳಲ್ಲಿ ನೂರಕ್ಕೆ 80 ತೆಗೆದುಕೊಂಡರೆ 'ಉತ್ತಮ', 70ರ ಮೇಲಾದರೆ 'ತೃಪ್ತಿಕರ', ಅದಕ್ಕೂ ಕಡಿಮೆಯಾದರೆ 'ಅತೃಪ್ತಿಕರ'. ಎಣಿಸಿದ್ದು ಪಾಠಗಳನ್ನು. ಪಾಠ ತಲೆಗೆ ಹತ್ತಿತೇ ಎಂಬುದನ್ನಲ್ಲ. 2025ರ ಜನವರಿಯಲ್ಲಿ ಬಂದ ಕರಡು ನಿಯಮ ಅಂಕಗಳ ಜಾಗದಲ್ಲಿ ಒಂಬತ್ತು ಬಗೆಯ 'ಗಮನಾರ್ಹ ಕೊಡುಗೆ'ಗಳ ಪಟ್ಟಿ ಇಟ್ಟಿತು. ಕೊಡುಗೆ ಗಮನಾರ್ಹವೋ ಅಲ್ಲವೋ ಎಂದು ತೀರ್ಮಾನಿಸುವವರು ಮೇಲೆ ಕುಳಿತವರೇ. ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಕೆಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ಆ ಕರಡನ್ನು ವಿರೋಧಿಸಿದರು. ರಾಜ್ಯಗಳ ಹಕ್ಕನ್ನು ದೆಹಲಿ ಕಸಿಯಬಾರದೆಂಬ ಅವರ ಮಾತು ಸರಿಯಾದದ್ದು. ಆದರೆ ಅಂಕವಾದರೆ ಗುಮಾಸ್ತನ ಆಳ್ವಿಕೆ, ಅಂಕ ಹೋದರೆ ಸಾಹೇಬನ ಮರ್ಜಿ. ಎರಡರಲ್ಲೂ ವಿದ್ಯಾರ್ಥಿಗೆ ಜಾಗವೆಲ್ಲಿ?

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ರೇಷ್ಮೆ ಬಿಚ್ಚುವ ರೀಲರು ರೈತನ ಕೈಯಲ್ಲಿ ಅರ್ಜಿ ಬರೆಸುವುದಿಲ್ಲ. ಗೂಡನ್ನು ಕೈಯಲ್ಲಿ ಹಿಡಿದು, ಅಮುಕಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ಕಡೆಯ ತೀರ್ಪು ಬಿಸಿನೀರಿನ ಬಾಣಲೆಯಲ್ಲಿ. ಎಷ್ಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಬಂತು ಎಂಬುದೇ ಲೆಕ್ಕ. ಗೂಡು ಬೆಳ್ಳಗಿದ್ದರೂ ನೂಲು ಬಿಚ್ಚದಿದ್ದರೆ ಅದು ಕಸ. ಓದುಬರಹ ಅಷ್ಟಾಗಿ ಇಲ್ಲದ ರೀಲರಿಗೆ ತಿಳಿದಿರುವ ಈ ಸತ್ಯ ದೆಹಲಿಯ ವಿದ್ವಾಂಸರಿಗೆ ತಿಳಿಯದೆ ಹೋಯಿತೆ?

ಹಾಗಾದರೆ ಪರೀಕ್ಷೆಯ ಫಲಿತಾಂಶಕ್ಕೆ ಸಂಬಳ ಕಟ್ಟಿಬಿಡೋಣ ಎನ್ನುವವರೂ ಇದ್ದಾರೆ. ಅದನ್ನೂ ಲೋಕ ಮಾಡಿ ನೋಡಿದೆ. 1862ರಲ್ಲಿ ಇಂಗ್ಲೆಂಡಿನ ಸರ್ಕಾರ ಬಡವರ ಶಾಲೆಗಳಿಗೆ ಕೊಡುವ ಹಣವನ್ನು ಮಕ್ಕಳ ಹಾಜರಿಗೂ, ಓದು, ಬರಹ, ಲೆಕ್ಕದ ಪರೀಕ್ಷೆಗೂ ಗಂಟುಹಾಕಿತು. ಲ್ಯಾಂಕಷೈರಿನ ಗಿರಣಿ ಕೂಲಿಕಾರರ ಮಕ್ಕಳು ಕೂಡ ಇಂಥ ಶಾಲೆಗಳಲ್ಲೇ ಓದುತ್ತಿದ್ದರು. ಉಪಾಧ್ಯಾಯರು ಪರೀಕ್ಷೆಯಲ್ಲಿ ಕೇಳುವುದನ್ನೇ ಉರು ಹೊಡೆಸಿದರು. ಶಾಲೆಗಳ ತಪಾಸಣಾಧಿಕಾರಿಯಾಗಿದ್ದ ಮ್ಯಾಥ್ಯೂ ಆರ್ನಾಲ್ಡನೇ ಅದನ್ನು ಖಂಡಿಸಿದ. ಮೂರು ದಶಕಗಳ ಕಾಲ ಮಕ್ಕಳ ಬುದ್ಧಿಯನ್ನು ಒಣಗಿಸಿದ ಮೇಲೆ ಆ ಪದ್ಧತಿ ಮೂಲೆ ಸೇರಿತು. ತುಂಡುಗುತ್ತಿಗೆಯ ಕೂಲಿ ಎಂಥದೆಂದು ಬಲ್ಲ ನಮ್ಮ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತಕ್ಕಡಿಯ ಹತ್ತಿರಕ್ಕೂ ಬಿಡದವರ ಮಾತು. ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠ ಹೇಳುತ್ತ ಬಂದಿದ್ದಾರೆ. ಹೆಸರು ಅತಿಥಿ, ಉಪಚಾರ ಬಿಟ್ಟಿ ಆಳಿನದು. ಗಿರಣಿಯ ಬದಲಿ ಕಾರ್ಮಿಕನಿಗೂ ಇವರಿಗೂ ಏನು ವ್ಯತ್ಯಾಸ? 2022ರ ಜನವರಿಯವರೆಗೆ ಇವರಿಗೆ ಸಿಗುತ್ತಿದ್ದುದು ತಿಂಗಳಿಗೆ 11,000 ಇಲ್ಲವೆ 13,000 ರೂಪಾಯಿ. ಮುಷ್ಕರ ಹೂಡಿದ ಮೇಲೆ ಅದು 26,000ದಿಂದ 32,000ಕ್ಕೆ ಏರಿತು. ಜೊತೆಗೇ ವಾರದ ಪಾಠದ ಹೊರೆಯನ್ನು 15 ಗಂಟೆಗೆ ಏರಿಸಿದ್ದರಿಂದ ಹಲವರಿಗೆ ಕೆಲಸವೇ ಇಲ್ಲವಾಯಿತು. 2023ರ ಕೊನೆಯಲ್ಲಿ ಮತ್ತೆ ತರಗತಿ ಬಹಿಷ್ಕರಿಸಿ, 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ನಡೆದರು. ಕೇಳಿದ್ದು ಸೇವಾಭದ್ರತೆ.

ಖಾಯಂ ಅಧ್ಯಾಪಕನಿಗೆ ವಾರ್ಷಿಕ ಮೌಲ್ಯಮಾಪನ. ಅತಿಥಿಗೆ ವಾರ್ಷಿಕ ವಜಾ. ಹತ್ತು ವರ್ಷ ಚೆನ್ನಾಗಿ ಪಾಠ ಹೇಳಿದವನೂ ಮುಂದಿನ ವರ್ಷ ಮತ್ತೆ ಅರ್ಜಿ ಹಿಡಿದು ನಿಲ್ಲಬೇಕು. ಅವನ ಹತ್ತು ವರ್ಷದ ದುಡಿಮೆಗೆ ಯಾವ ಕಲ್ಲಿನ ತೂಕ? ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟ ಸರ್ಕಾರದ ಕೆಲಸಕ್ಕೆ ಯಾರು 'ಅತೃಪ್ತಿಕರ' ಎಂದು ಬರೆಯಬೇಕು?

ನಮ್ಮ ನೆಲದಲ್ಲೇ ಒಂದು ಅಳತೆಗೋಲು ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದುವ ಆಸೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರು. ಭೌತಶಾಸ್ತ್ರದ ಮೇಷ್ಟರಾದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಬಾಳಿದ್ದು ಹಾಸ್ಟೆಲಿನ ಒಂದು ಕೋಣೆಯಲ್ಲಿ, ವಿದ್ಯಾರ್ಥಿಗಳ ನಡುವೆ. ಆ ಕೋಣೆಯಲ್ಲಿ ಬಾಳಿದ್ದಕ್ಕೆ ಎ.ಪಿ.ಐ. ಪಟ್ಟಿಯಲ್ಲಿ ಎಷ್ಟು ಅಂಕ? ಅಂಥವರನ್ನು ತೂಗಲಾರದ ತಕ್ಕಡಿ ಸುಳ್ಳು ತಕ್ಕಡಿ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಲೆಕ್ಕ ಬೇಕು, ಆದರೆ ಬಹಿರಂಗವಾಗಿ ಬೇಕು. ಗೋಪ್ಯ ವರದಿಯ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟು 2008ರಲ್ಲೇ ತೀರ್ಪು ಕೊಟ್ಟಿದೆ. ಯಾವ ತರಗತಿ ನಡೆಯಿತು, ಯಾವುದು ನಡೆಯಲಿಲ್ಲ ಎಂಬುದು ಪ್ರತಿ ತಿಂಗಳೂ ಕಾಲೇಜಿನ ಫಲಕದ ಮೇಲೆ ಬರಲಿ. ವಿದ್ಯಾರ್ಥಿಗಳೂ ಸಹೋದ್ಯೋಗಿಗಳೂ ತಮ್ಮ ಅಭಿಪ್ರಾಯ ಹೇಳಲಿ, ಅಧ್ಯಾಪಕನಿಗೆ ಉತ್ತರ ಕೊಡುವ ಹಕ್ಕಿರಲಿ. ದುರ್ಬಲ ಹುಡುಗನನ್ನು ಕೈಹಿಡಿದು ಮೇಲೆತ್ತಿದ್ದು ಲೇಖನಕ್ಕಿಂತ ಕಡಿಮೆ ತೂಗದಿರಲಿ. ಅತಿಥಿ ಉಪನ್ಯಾಸಕರಿಗೆ ಸೇವಾಭದ್ರತೆ ಕೊಟ್ಟು ಅದೇ ತಕ್ಕಡಿಯಲ್ಲಿ ತೂಗಲಿ. ಅದೇ ಫಲಕದ ಮೇಲೆ ಖಾಲಿ ಹುದ್ದೆಗಳೆಷ್ಟು, ಬಾಗಿಲು ಮುಚ್ಚಿದ ಪ್ರಯೋಗಶಾಲೆಗಳೆಷ್ಟು ಎಂದು ಸರ್ಕಾರವೂ ತನ್ನ ಲೆಕ್ಕ ಬರೆಯಲಿ.

2017ರಲ್ಲಿ ಕೋಲಾರದಲ್ಲಿ ಕೇಂದ್ರ ಇಟ್ಟು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಹುಟ್ಟಿತು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳ ಪದವಿಯ ಕಾಗದದ ಮೇಲೆ ಈಗ ಆ ಹೆಸರು ಬೀಳುತ್ತದೆ. ಕಾಗದದ ಹಿಂದೆ ವಿದ್ಯೆ ಇದೆಯೋ ಇಲ್ಲವೋ ಎಂದು ಕೇಳುವ ಹಕ್ಕು ನಿಮ್ಮದು. ಪೋಷಕರ ಸಭೆಗೆ ಕರೆದಾಗ ಅರ್ಧ ದಿನದ ಕೂಲಿ ಹೋದರೂ ಹೋಗಿ, ಅಂಗಡಿಯ ಬಾಗಿಲು ಎಳೆದಾದರೂ ಹೋಗಿ. ಹೋಗಿ ಮೊದಲು ತಕ್ಕಡಿಯ ಮುದ್ರೆ ತೋರಿಸಿ ಎಂದು ಕೇಳಿ.