ಗಂಟಲುನೋವೂ ಹತ್ತು ದಿನಗಳ ಔಷಧವೂ

ಶಾಲೆಯ ಮಕ್ಕಳಿಗೆ ಗಂಟಲುನೋವು ಹೊಸತಲ್ಲ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಕಷಾಯ ಕುಡಿದು, ಎರಡು ದಿನ ಮಲಗಿ ಎದ್ದುಬರುವ ಮಕ್ಕಳೇ ಹೆಚ್ಚು. ಇವುಗಳಲ್ಲಿ ಬಹುಪಾಲು ವೈರಸ್ಸಿನಿಂದ ಬಂದವು. ಮೂಗು ಸೋರುತ್ತ ಕೆಮ್ಮುವ ಮಗುವಿಗೆ ಪೆನಿಸಿಲಿನ್ ಕೊಡಿರೆಂದು ವೈದ್ಯರನ್ನು ಒತ್ತಾಯಿಸುವ ಪೋಷಕರು ಹಣವನ್ನೂ ಔಷಧವನ್ನೂ ವ್ಯರ್ಥಮಾಡುತ್ತಾರೆ.

ಆದರೆ ಇನ್ನೊಂದು ಬಗೆಯುಂಟು. ಕೆಮ್ಮಿಲ್ಲದೆ ಒಮ್ಮೆಲೇ ಜ್ವರವೇರಿ, ನುಂಗಲು ಕಷ್ಟವಾಗಿ, ಕತ್ತಿನ ಗ್ರಂಥಿಗಳು ಊದಿಕೊಂಡರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಶಂಕಿಸಬೇಕು. 5ರಿಂದ 15 ವರ್ಷದವರಲ್ಲಿ ಇದು ಅಧಿಕ. ಈ ನೋವೂ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ, ವಂಚನೆಯಿರುವುದು ಅಲ್ಲಿಯೇ. ಎರಡು ಮೂರು ವಾರಗಳ ತರುವಾಯ ಕೆಲವು ಮಕ್ಕಳಲ್ಲಿ ಕೀಲುಗಳು ಊದಿ ರುಮ್ಯಾಟಿಕ್ ಜ್ವರ ಕಾಣಿಸಿಕೊಳ್ಳುತ್ತದೆ. ಕೀಲುನೋವು ಶಮನವಾದೀತು, ಹೃದಯದ ಕವಾಟಕ್ಕೆ ತಗುಲಿದ ಪೆಟ್ಟು ಅನೇಕರಲ್ಲಿ ಉಳಿದುಬಿಡುತ್ತದೆ.

ಇದನ್ನು ತಡೆಯಬಹುದೆಂಬುದು ಊಹೆಯಲ್ಲ. ಅಮೆರಿಕದ ವಯೋಮಿಂಗ್ ಪ್ರಾಂತದ ವಾರೆನ್ ಸೈನಿಕ ನೆಲೆಯಲ್ಲಿ ಡೆನ್ನಿ, ವಾನಮೇಕರ್, ರಾಮೆಲ್‌ಕ್ಯಾಂಪ್ ಮೊದಲಾದ ವೈದ್ಯರು ತರುಣ ಸೈನಿಕರನ್ನು ಪರೀಕ್ಷಿಸಿ, ಪೆನಿಸಿಲಿನ್ ಪಡೆದವರಲ್ಲಿ ರುಮ್ಯಾಟಿಕ್ ಜ್ವರ ಬಹು ವಿರಳವೆಂದು 1950ರಲ್ಲಿ ಪ್ರಕಟಿಸಿದರು. ಗಂಟಲುನೋವು ಆರಂಭವಾದ ಒಂಬತ್ತು ದಿನಗಳೊಳಗೆ ಚಿಕಿತ್ಸೆ ತೊಡಗಿದರೂ ಫಲವುಂಟು. ಗುಳಿಗೆಯಾದರೆ ಪೂರ್ಣ ಹತ್ತು ದಿನ, ಇಲ್ಲವೆ ಬೆಂಜಥೈನ್ ಪೆನಿಸಿಲಿನ್ನಿನ ಒಂದೇ ಚುಚ್ಚುಮದ್ದು. ಪೆನಿಸಿಲಿನ್ ಒಗ್ಗದವರಿಗೆ ವೈದ್ಯರು ಬೇರೆ ಔಷಧ ಕೊಡುತ್ತಾರೆ. ಇಷ್ಟು ದಶಕಗಳ ಬಳಕೆಯ ಮೇಲೂ ಈ ಬ್ಯಾಕ್ಟೀರಿಯಾ ಅದೇ ಹಳೆಯ, ಅಗ್ಗದ ಪೆನಿಸಿಲಿನ್ನಿಗೆ ಮಣಿಯುತ್ತಿದೆ. ದುಬಾರಿಯಾದ ಹೊಸ ಔಷಧವೇ ಮೇಲೆಂಬ ಭ್ರಮೆಗೆ ಇಲ್ಲಿ ಆಸ್ಪದವಿಲ್ಲ.

ನಿಯಮ ಮುರಿಯುವುದು ಮನೆಯಲ್ಲಿ. ಮೂರನೆಯ ದಿನ ಜ್ವರ ಬಿಟ್ಟಿತೆಂದರೆ ಉಳಿದ ಗುಳಿಗೆಗಳು ಗೋಡೆಯ ಗೂಡು ಸೇರುತ್ತವೆ, ಮುಂದೊಮ್ಮೆ ತಮ್ಮನಿಗೋ ತಂಗಿಗೋ ಇರಲೆಂದು! ಇದನ್ನು ಮಿತವ್ಯಯವೆನ್ನಲಾಗದು.

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿನ ಕಟ್ಟಳೆ ಇನ್ನೂ ದೀರ್ಘ. ಸ್ಟ್ರೆಪ್ಟೊಕಾಕಸ್ ಮರಳಿ ತಗುಲಿದಷ್ಟು ಸಲ ಹೃದಯ ಇನ್ನಷ್ಟು ಕೆಡುವ ಭಯವಿರುವುದರಿಂದ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಚುಚ್ಚುಮದ್ದು ಬೇಕು; ದೊಡ್ಡ ಮಕ್ಕಳಿಗೆ 12 ಲಕ್ಷ ಯೂನಿಟ್. ಅವಧಿ ದೇಶದಿಂದ ದೇಶಕ್ಕೆ ತುಸು ಭಿನ್ನವಾದರೂ ಹೃದಯಕ್ಕೆ ಪೆಟ್ಟಾಗದವರಿಗೂ ಕನಿಷ್ಠ ಐದು ವರ್ಷ. ಕವಾಟ ಕೆಟ್ಟವರಿಗೆ 40ನೆಯ ವಯಸ್ಸಿನವರೆಗೂ ಮುಂದುವರಿಯಬಹುದು. ಚುಚ್ಚುಮದ್ದಿನ ನೋವು ಕಡಮೆಯದಲ್ಲ. ಅಲರ್ಜಿಗೆ ಅಂಜಿ ಅದನ್ನು ಕೊಡಲೊಲ್ಲದ ವೈದ್ಯರೂ ಇದ್ದಾರೆ, ತೀವ್ರ ಅಲರ್ಜಿ ಅತಿ ವಿರಳವಾದರೂ. ಲಾಭ ಕಡಮೆಯಾದ್ದರಿಂದ ತಯಾರಕರು ಹಿಂಜರಿದು, ಅನೇಕ ದೇಶಗಳಲ್ಲಿ ಈ ಔಷಧದ ಕೊರತೆಯೂ ತಲೆದೋರಿದೆ.

2018ರಲ್ಲಿ ವಿಶ್ವ ಆರೋಗ್ಯ ಮಹಾಸಭೆ ಈ ಹೃದ್ರೋಗದ ಕುರಿತು ನಿರ್ಣಯ ಅಂಗೀಕರಿಸಿತು. ನಿರ್ಣಯ ಜಿನೀವಾದ್ದು, ಮಗು ಹಳ್ಳಿಯದು. ನಡುವೆ ಆ ಮಗುವನ್ನು ಪ್ರತಿದಿನ ಕಾಣುವವರು ಉಪಾಧ್ಯಾಯರು ಹಾಗೂ ವಿದ್ಯಾರ್ಥಿನಿಲಯದ ಮೇಲ್ವಿಚಾರಕರು. ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಮುಂದೆ ಚುಚ್ಚುಮದ್ದಿನ ದಿನಾಂಕ ಬರೆದಿಡುವುದು ಅವರಿಂದ ಸಾಧ್ಯ. ಬೇಸಗೆ ರಜೆಯಲ್ಲಿ ಎರಡು ಸರದಿಗಳು ತಪ್ಪುವ ಸಂಭವ ಹೆಚ್ಚು. ಊರಿಗೆ ಹೊರಟ ಮಗುವಿನ ಚೀಲದಲ್ಲಿ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೊಂದು ಪತ್ರವಿರಲಿ.