ಕೈಬಿಟ್ಟ ಮೇಲೆ

ನೋಟುಪುಸ್ತಕದ ಹಾಳೆ ಹರಿದು ವಿಮಾನ ಮಾಡಿ ತರಗತಿಯಲ್ಲಿ ಹಾರಿಸದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಅದು ಮೇಜಿನ ಮೇಲೆ ಬಂದಿಳಿದಾಗ ಹುಬ್ಬು ಗಂಟಿಕ್ಕುವುದು ಉಪನ್ಯಾಸಕನ ಧರ್ಮ. ಅಷ್ಟು ದೂರ ಹೇಗೆ ಬಂದಿತೆಂದು ಒಳಗೊಳಗೇ ಬೆರಗಾಗುವುದು ಮನುಷ್ಯಧರ್ಮ.

ಈ ಗೀಳು ಈಗ ನನ್ನ ಮನೆಗೂ ಬಂದಿದೆ. ಹತ್ತು ವರ್ಷದ ಮಗನು ಕಟ್ಟುವ ಮಾದರಿ ವಿಮಾನಕ್ಕೆ ದಾರವಿಲ್ಲ, ರೇಡಿಯೊ ನಿಯಂತ್ರಣವಿಲ್ಲ. ಕೈಬಿಟ್ಟ ಮೇಲೆ ಅದರ ಪಾಡು ಅದಕ್ಕೆ. 1871ರಲ್ಲಿ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಆಲ್ಫಾನ್ಸ್ ಪೆನೋ ಎಂಬ ತರುಣನು ತಿರುಚಿದ ರಬ್ಬರಿನ ಬಲದಿಂದ ಇಂಥದೊಂದನ್ನು 11 ಸೆಕೆಂಡುಗಳ ಕಾಲ, ಸುಮಾರು 40 ಮೀಟರು ದೂರ ಹಾರಿಸಿದನು. 1878ರಲ್ಲಿ ತಂದೆ ತಂದುಕೊಟ್ಟ ರಬ್ಬರಿನ ಹಾರುವ ಆಟಿಕೆಯೇ ರೈಟ್ ಸಹೋದರರಿಗೆ ಹಾರಾಟದ ಹುಚ್ಚು ಹಿಡಿಸಿತಂತೆ.

ಇದಕ್ಕೆ ಬಳಸುವ ಬಾಲ್ಸಾ ಎಂಬ ಹಗುರ ಮರ ದಕ್ಷಿಣ ಅಮೆರಿಕದ್ದು. ಕೊಟ್ಟೂರಿನ ಅಂಗಡಿಯಲ್ಲಿ ಕೇಳಿದರೆ ನಕ್ಕಾರು. ಆದರೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ನಮ್ಮ ಸೀಮೆಯಲ್ಲಿ ಜೋಳದ ದಂಟಿಗೆ ಬರವಿಲ್ಲ. ಸಿಪ್ಪೆ ಸುಲಿದ ಬೆಂಡಿನಲ್ಲಿ ಬಂಡಿ ಮಾಡುವುದನ್ನು ಇಲ್ಲಿಯ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಮಗನು ಬಿದಿರಿನ ಸೀಳುಗಳ ನಡುವೆ ಬೆಂಡಿನ ಪಕ್ಕೆಲುಬು ಕೂರಿಸಿ, ತೆಳುಗಾಗದ ಅಂಟಿಸಿ ರೆಕ್ಕೆ ಕಟ್ಟಿದನು. ರೆಕ್ಕೆಯ ಅಗಲದಲ್ಲಿ, ಮುಂದಿನ ಅಂಚಿನಿಂದ ಮೂರರಲ್ಲೊಂದು ಪಾಲಿನ ಬಳಿ ಬೆರಳ ತುದಿಯಿಂದ ಎತ್ತಿದರೆ ವಿಮಾನವು ಸಮನಾಗಿ ನಿಲ್ಲಬೇಕು. ಹಾರುವಾಗ ಮೂಗೆತ್ತಿ ತಡವರಿಸಿದರೆ ಮೂಗಿಗೆ ಚಿಟಿಕೆ ಜೇಡಿಮಣ್ಣು. ನೆಲಕ್ಕೆ ಕುಕ್ಕಿದರೆ ಅದನ್ನೇ ಕೀಳಬೇಕು. ನೂರು ಸಲ ಬಿದ್ದಿತು. ಎಣಿಸಿದವಳು ನನ್ನ ಹೆಂಡತಿ.

ಕೊಟ್ಟೂರೇಶ್ವರನ ತೇರು ಮುಗಿದ ವಾರ, ಕೊಯ್ಲಾಗಿ ಬರಿದಾದ ಹೊಲಕ್ಕೆ ಹೋದೆವು. ಹೊತ್ತೇರಿ ನೆಲ ಕಾದಿತ್ತು. ಕಾದ ನೆಲದಿಂದ ಬಿಸಿಗಾಳಿಯು ಕಂಬದಂತೆ ಮೇಲೇಳುತ್ತದೆ. ಹದ್ದು ರೆಕ್ಕೆ ಬಡಿಯದೆ ಸುತ್ತುವುದು ಅದರ ಆಸರೆಯಲ್ಲಿಯೇ. ನಮ್ಮ ವಿಮಾನವೂ ಅದರೊಳಗೆ ಹೊಕ್ಕಿತು. ಇಳಿಯಬೇಕಾದದ್ದು ಸುತ್ತುತ್ತ ಏರಿತು, ಬೇವಿನ ಮರ ದಾಟಿತು, ಗುಬ್ಬಿಯಷ್ಟಾಯಿತು. "ಅಪ್ಪಾ, ಹೋತು!" ಎಂದನು. ಮೂಡಗಾಳಿ ಅದನ್ನು ಹರಪನಹಳ್ಳಿಯ ದಿಕ್ಕಿಗೆ ಒಯ್ದಿತು. ಸಂಜೆಯವರೆಗೆ ಹುಡುಕಿದೆವು. ಆ ರಾತ್ರಿ ಅವನು ಊಟಕ್ಕೆ ಏಳಲಿಲ್ಲ.

ಬಲ್ಲವರು ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ನಾನು ಓದಿದ್ದು ತಡವಾಗಿ. ಬಾಲದ ರೆಕ್ಕೆಯನ್ನು ಹಿಡಿದಿಟ್ಟ ಕಟ್ಟನ್ನು ಮೆಲ್ಲಗೆ ಉರಿಯುವ ಬತ್ತಿಯು ಕೆಲವು ನಿಮಿಷಗಳಲ್ಲಿ ಸುಡುತ್ತದೆ. ಆಗ ರಬ್ಬರಿನ ಸೆಳೆತಕ್ಕೆ ಆ ರೆಕ್ಕೆಯ ಹಿಂಬದಿ ಮೇಲಕ್ಕೆ ಚಿಮ್ಮಿ, ವಿಮಾನವು ತೇಲುವ ಶಕ್ತಿ ಕಳೆದುಕೊಂಡು ಮೆಲ್ಲಗೆ ಕೆಳಗಿಳಿಯುತ್ತದೆ. ಆದರೆ ಊರ ಸುತ್ತ ಸೊಪ್ಪೆಯ ಬಣವೆಗಳಿರುವಾಗ ಆಕಾಶಕ್ಕೆ ಕಿಡಿ ಕಳಿಸಲು ನಾನು ಒಪ್ಪಲಿಲ್ಲ. ಕೀಲಿ ಕೊಡುವ ಪುಟ್ಟ ಯಂತ್ರದಿಂದಲೂ ಈ ಕೆಲಸ ಆಗುತ್ತದೆಂದು ತಿಳಿಸಿದೆ.

ಎರಡನೆಯ ವಿಮಾನ ಸಿದ್ಧವಾಗಿದೆ. ರೆಕ್ಕೆಯ ಮೇಲೆ ದಪ್ಪ ಅಕ್ಷರದಲ್ಲಿ ಊರಿನ ಹೆಸರಿದೆ. ತೇರಿನಲ್ಲಿ ಕೊಂಡ ಆಟದ ಕಾರನ್ನು ಬಿಚ್ಚಿ ಅದರ ಕೀಲಿಯಂತ್ರವನ್ನು ಜೋಡಿಸಿ ನೋಡಿದನು. ಬಹಳ ಭಾರ. ಹೊಲಕ್ಕೆ ಹೋಗೋಣವೆಂದರೆ ಬೇಡವೆನ್ನುತ್ತಾನೆ. ಹಲ್ಲುಗಾಲಿಗಳನ್ನು ಬೆಂಡಿನಲ್ಲಿ ಕೊರೆಯಬಹುದೇ ಎಂದು ನಿನ್ನೆ ಕೇಳಿದನು.