ಉತ್ಸವದ ಇರುಳಿನ ನಾದ ಮತ್ತು ಬೆಳಕು

ವಿದ್ಯಾಸಂಸ್ಥೆಯೊಂದು ವಾರ್ಷಿಕೋತ್ಸವವನ್ನೋ ಬೆಳ್ಳಿಹಬ್ಬವನ್ನೋ ಆಚರಿಸಲು ಹೊರಟಾಗ ಹಗಲಿನ ಕಾರ್ಯಕ್ರಮಗಳ ಬಗೆಗೆ ಅಷ್ಟಾಗಿ ಭಿನ್ನಾಭಿಪ್ರಾಯ ಹುಟ್ಟುವುದಿಲ್ಲ. ಧ್ವಜಾರೋಹಣ, ಪ್ರಾರ್ಥನೆ, ವರದಿವಾಚನ, ಬಹುಮಾನ ವಿತರಣೆ, ದಾಸೋಹ ಇವೆಲ್ಲ ಹಿಂದಿನಿಂದ ನಡೆದುಬಂದ ಕ್ರಮದಲ್ಲಿಯೇ ಸಾಗುತ್ತವೆ. ಚರ್ಚೆ ಏಳುವುದು ರಾತ್ರಿಯ ಕಾರ್ಯಕ್ರಮದ ಮಾತು ಬಂದಾಗ. ತುಮಕೂರಾಗಲಿ ಗುಬ್ಬಿಯಾಗಲಿ ಕುಣಿಗಲ್ಲಾಗಲಿ, ಈಚೆಗೆ ಶಾಲೆ ಬಿಟ್ಟುಹೋದ ತರುಣರು ‘ಡಿಜೆ ನೈಟ್’ ಇರಲೇಬೇಕೆನ್ನುತ್ತಾರೆ. ಮಠದ ಆವರಣದಲ್ಲಿ ಅದು ಸಲ್ಲದೆಂದು ಹಿರಿಯ ಅಧ್ಯಾಪಕರು ಹೇಳುತ್ತಾರೆ. ವೆಚ್ಚ ವಹಿಸಬೇಕಾದ ದಾನಿಗಳು ಇಬ್ಬರ ಮುಖವನ್ನೂ ನೋಡುತ್ತ ಸುಮ್ಮನಿರುತ್ತಾರೆ.

ಎರಡು ಪಕ್ಷದವರೂ ವಾದಿಸುವುದು ಹಾಡಿನ ಬಗೆಯನ್ನು ಕುರಿತು. ಚಿತ್ರಗೀತೆಯೇ ವಚನಗಾಯನವೇ ಎಂಬುದೊಂದೇ ಪ್ರಶ್ನೆಯೆಂಬಂತೆ ಸಭೆ ಮುಗಿದುಹೋಗುತ್ತದೆ. ಬೆಳಕು ಯಾರ ಮುಖದ ಮೇಲೆ ಬೀಳಬೇಕು, ಧ್ವನಿ ಯಾರ ಕಿವಿಗೆ ಎಷ್ಟು ಮುಟ್ಟಬೇಕು, ಮಿಕ್ಸರಿನ ಪಕ್ಕದಲ್ಲಿ ಸಂಸ್ಥೆಯ ಪರವಾಗಿ ಯಾರು ಕುಳಿತಿರಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ. ಆ ಮೂರೂ ಸಂಜೆಗೆ ಲಾರಿಯಲ್ಲಿ ಬಂದಿಳಿಯುವ ಬಾಡಿಗೆಯವರ ಇಚ್ಛೆಗೆ ಬಿಟ್ಟುಹೋಗುತ್ತವೆ. ಉತ್ಸವದ ಇರುಳು ಕೆಡುವುದು ಅಲ್ಲಿಯೇ ಹೊರತು ಹಾಡಿನ ಆಯ್ಕೆಯಲ್ಲಿ ಅಲ್ಲ.

ಮಠಕ್ಕೂ ರಂಗದ ಬೆಳಕಿಗೂ ದೂರವೆಂಬ ಮಾತು ಈ ಜಿಲ್ಲೆಯಲ್ಲಂತೂ ನಿಲ್ಲಲಾರದು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಹೆಸರನ್ನೇ ಹೊತ್ತು ನಾಡೆಲ್ಲ ಸಂಚರಿಸಿತು. ಬಾಲಕನಾಗಿ ಆ ಕಂಪನಿಯನ್ನು ಸೇರಿದ ಗುಬ್ಬಿ ವೀರಣ್ಣನವರು (1891–1972) 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳ ಅನ್ನಕ್ಕೂ ವಿದ್ಯೆಗೂ ಆಸರೆಯಾಗಲೆಂದು ನಾಟಕ ಕಂಪನಿಯನ್ನೇ ಕಟ್ಟಿ ನಡೆಸಿದರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ಬಸವಣ್ಣನವರ ಜೀವನವನ್ನು ಹಳ್ಳಿಯ ಜನರಿಗೆ ಮುಟ್ಟಿಸಲು ನಾಟಕವನ್ನು ಸಾಧನವಾಗಿ ಮಾಡಿಕೊಂಡದ್ದನ್ನು ಈ ಭಾಗದ ಹಿರಿಯರು ಬಲ್ಲರು. ಆದುದರಿಂದ ರಾತ್ರಿಯ ರಂಜನೆಯೇ ಬೇಡವೆಂದು ಮಠದ ಹೆಸರಿನಲ್ಲಿ ಹೇಳುವವರಿಗೆ ಮಠಗಳ ಇತಿಹಾಸವೇ ಸಾಕ್ಷಿ ನುಡಿಯುವುದಿಲ್ಲ.

ಗುಬ್ಬಿ ಕಂಪನಿಯವರು ಆಡಂಬರಕ್ಕೆ ಹೆದರಿದವರೂ ಅಲ್ಲ. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು ಅವರು. ಪ್ರೇಕ್ಷಕರನ್ನು ಬೆರಗುಗೊಳಿಸುವ ವಿದ್ಯೆಯಲ್ಲಿ ಇಂದಿನ ಯಾವ ಡಿಜೆಯೂ ಅವರಿಗೆ ಪಾಠ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಬೆಳಕೆಲ್ಲವೂ ನಟನ ಮುಖದ ಮೇಲಿತ್ತು, ಪ್ರೇಕ್ಷಕ ಕತ್ತಲಲ್ಲಿ ಕುಳಿತಿದ್ದ. ಹಾರ್ಮೋನಿಯಂ ಮೇಷ್ಟ್ರಿಗೆ ಪ್ರತಿಯೊಬ್ಬ ನಟನ ಶ್ರುತಿ ಗೊತ್ತಿತ್ತು; ಹಾಡುವವನ ದನಿಯನ್ನು ಎತ್ತಿಹಿಡಿಯುವುದು ಅವನ ಕೆಲಸವಾಗಿತ್ತು, ಮುಚ್ಚಿಹಾಕುವುದಾಗಿರಲಿಲ್ಲ. ಪರದೆ ಎಳೆಯುವವನಿಗೂ ನಾಟಕ ಬಾಯಿಪಾಠವಾಗಿರುತ್ತಿತ್ತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ನಾಲ್ಕಾಣೆ ಗಿರಾಕಿಗೂ ಮಾತು ಕೇಳಿಸುತ್ತಿದ್ದುದು ಇಂಥ ಹೊಂದಾಣಿಕೆಯಿಂದಲೇ.

ಈಗಿನ ಬಾಡಿಗೆ ದೀಪಗಳನ್ನು ಗಮನಿಸಬೇಕು. ವೇದಿಕೆಯ ಹಿಂಬದಿಯಲ್ಲಿ ಸಾಲಾಗಿ ನಿಲ್ಲಿಸಿದ ಎಲ್‌ಇಡಿ ದೀಪಗಳು ಪ್ರೇಕ್ಷಕರ ಕಣ್ಣಿಗೇ ನಾಟುವಂತೆ ತಿರುಗಿರುತ್ತವೆ. ಮುಂದೆ ಕುಣಿಯುವ ಮಗು ಕಪ್ಪು ನೆರಳಾಗಿ ಕಾಣುತ್ತದೆ. ಕುಣಿಯುವವರೇ ಪ್ರೇಕ್ಷಕರೂ ಆಗಿರುವ ನಗರದ ಕೂಟಕ್ಕೆ ಆ ವ್ಯವಸ್ಥೆ ಸರಿಯಿರಬಹುದು. ನಿಟ್ಟೂರಿನಿಂದಲೋ ಹುಲಿಯೂರುದುರ್ಗದಿಂದಲೋ ಬಸ್ಸು ಹತ್ತಿ ಬಂದ ತಂದೆತಾಯಂದಿರು ನೋಡಬಂದಿರುವುದು ತಮ್ಮ ಮಗುವಿನ ಮುಖವನ್ನು. ವೇದಿಕೆಯ ಮುಂದೆ ಎರಡೂ ಪಕ್ಕಗಳಲ್ಲಿ ತುಸು ಎತ್ತರದಿಂದ ಓರೆಯಾಗಿ ಬೀಳುವ ಹಳದಿ ಛಾಯೆಯ ನಾಲ್ಕು ದೀಪಗಳಿದ್ದರೆ ಆ ಮುಖ ಕಾಣುತ್ತದೆ. ಬಣ್ಣದ ದೀಪಗಳು ಹಿಂದಿನ ಪರದೆಯ ಮೇಲೆ ಎಷ್ಟಾದರೂ ಆಡಲಿ. ಅಚ್ಚಬಿಳಿಯ ದೀಪಕ್ಕಿಂತ ಹಳದಿ ದೀಪಕ್ಕೆ ಹುಳು ಮುತ್ತುವುದು ಕಡಿಮೆ ಎಂಬುದು ತೋಟದ ಸೀಮೆಯ ಶಾಲೆಗಳಿಗೆ ಒದಗುವ ಹೆಚ್ಚಿನ ಲಾಭ. ಕ್ಷಣಕ್ಷಣಕ್ಕೂ ಮಿಂಚಿ ಆರುವ ಸ್ಟ್ರೋಬ್ ದೀಪವನ್ನಂತೂ ಮಕ್ಕಳಿರುವ ಕಡೆ ತರಲೇಬಾರದು. ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು ಕೆಲವರಲ್ಲಿ ಅಪಸ್ಮಾರವನ್ನು ಕೆರಳಿಸಬಲ್ಲದೆಂಬುದು ವೈದ್ಯಲೋಕ ಒಪ್ಪಿದ ಸಂಗತಿ. ಲೇಸರ್ ಕಿರಣವೂ ಯಾರ ಕಣ್ಣಿನ ಮಟ್ಟಕ್ಕೂ ಇಳಿಯಬಾರದು.

ಧ್ವನಿಯ ವಿಷಯ ಇದಕ್ಕಿಂತ ಗುರುತರವಾದುದು. ನಮ್ಮ ಶಾಲಾ ಸಮಾರಂಭಗಳಲ್ಲಿ ಅತಿಥಿಗಳಿಗೆ ಕುರ್ಚಿ, ಪೋಷಕರಿಗೆ ಬೆಂಚು, ಶಿಶುವಿಹಾರದ ಮಕ್ಕಳಿಗೆ ಎಲ್ಲರಿಗಿಂತ ಮುಂದೆ ಜಮಖಾನ. ದೊಡ್ಡ ಸ್ಪೀಕರುಗಳನ್ನು ಜೋಡಿಸುವುದೂ ಸರಿಯಾಗಿ ಅದೇ ಜಮಖಾನದ ಎರಡು ಅಂಚಿನಲ್ಲಿ, ಕುಳಿತ ಮಗುವಿನ ಕಿವಿಯ ಎತ್ತರಕ್ಕೆ! ಸಂಸ್ಥೆಯ ಅತ್ಯಂತ ಎಳೆಯ ಕಿವಿಗಳಿಗೆ ಅತ್ಯಂತ ದೊಡ್ಡ ಸದ್ದು. ಇದು ಯಾರೂ ಯೋಚಿಸಿ ಮಾಡಿದ ತಪ್ಪಲ್ಲ, ಯಾರೂ ಯೋಚಿಸದ್ದರಿಂದ ಆದ ತಪ್ಪು. ಕಾರ್ಖಾನೆಯ ಕೆಲಸಗಾರರಿಗೆ ತಜ್ಞರು ಹಾಕಿಕೊಟ್ಟ ಲೆಕ್ಕದಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ತಲುಪಿದಾಗ ಉಳಿಯುವುದು ಕೇವಲ 15 ನಿಮಿಷ. ದುಡಿಯುವ ವಯಸ್ಕನ ಮಿತಿಯೇ ಇದಾದರೆ ಐದು ವರ್ಷದ ಮಗುವಿನ ಪಾಡೇನು? ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರಿನಿಂದ 2 ಮೀಟರ್ ದೂರದಲ್ಲಿ 100 ಇದ್ದುದು 16 ಮೀಟರಿನಲ್ಲಿ 82 ಆಗುತ್ತದೆ. ಮಕ್ಕಳ ಜಮಖಾನವನ್ನು ಹಿಂದಕ್ಕೆ ಸರಿಸುವುದಕ್ಕೆ ಹಣವೇನೂ ಬೇಡ.

ಹಿಂದಿನ ಸಾಲಿನವರಿಗೆ ಕೇಳಿಸದೆಂದು ಮುಂದಿನ ಸ್ಪೀಕರನ್ನೇ ಏರಿಸುವುದು ಇನ್ನೊಂದು ರೂಢಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎದುರಿನ ಕಟ್ಟಡಕ್ಕೆ ಬಡಿದು ಹಿಂತಿರುಗಿ ಬರುವಷ್ಟರಲ್ಲಿ ಹೊಸ ಶಬ್ದದೊಡನೆ ಬೆರೆತು ಹಾಡಿನ ಸಾಹಿತ್ಯ ಕಲಸಿಹೋಗುತ್ತದೆ. ತಗಡಿನ ಮಾಡಿನ ಸಭಾಂಗಣದಲ್ಲಂತೂ ಹೇಳುವುದೇ ಬೇಡ. ಸಣ್ಣ ಸ್ಪೀಕರುಗಳನ್ನು ಮೈದಾನದ ಉದ್ದಕ್ಕೂ ಹಂಚಿ, ಹಿಂದಿನವುಗಳ ಧ್ವನಿಯನ್ನು ದೂರಕ್ಕೆ ತಕ್ಕಷ್ಟು ತಡಮಾಡಿ ಬಿಡುವ ಏರ್ಪಾಡು ಇಂದಿನ ಸಾಧನಗಳಲ್ಲಿ ಸುಲಭ. ಕೇಳಿದರೆ ಬಾಡಿಗೆಯವರು ಮಾಡಿಕೊಡುತ್ತಾರೆ, ಕೇಳುವವರಿಲ್ಲ.

ಎಡೆಯೂರಿನ ಜಾತ್ರೆಯ ವಾದ್ಯವೇನು ಮೆಲ್ಲಗಿರುತ್ತದೆಯೇ, ವೀರಗಾಸೆಯ ಸಂಬಾಳಕ್ಕಿಂತ ಡಿಜೆ ಹೆಚ್ಚೇ ಎಂದು ತರುಣರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಮೆರವಣಿಗೆಯ ವಾದ್ಯ ನಡೆಯುತ್ತದೆ. ಒಂದು ಮನೆಯ ಮುಂದೆ ಮೊಳಗಿ ಮುಂದಿನ ಬೀದಿಗೆ ದಾಟುತ್ತದೆ. ನಡುವೆ ಒಡಪು ಹೇಳುವಾಗ ನಿಲ್ಲುತ್ತದೆ. ಬಾರಿಸುವವನ ತೋಳೂ ದಣಿಯುತ್ತದೆ. ಯಂತ್ರಕ್ಕೆ ದಣಿವಿಲ್ಲ. ಅದು ನಿಂತಲ್ಲೇ ನಿಂತು ಒಂದೇ ಗೋಡೆಗೆ, ಒಂದೇ ಕಿವಿಗೆ ಗಂಟೆಗಟ್ಟಲೆ ಬಡಿಯುತ್ತದೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನವರಿಗೆ ಹಠಾತ್ ಸದ್ದು ಪ್ರಾಣಿಯನ್ನು ಹೇಗೆ ಬೆದರಿಸುತ್ತದೆಂದು ವಿವರಿಸಬೇಕಾಗಿಲ್ಲ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ವಿದ್ಯಾಸಂಸ್ಥೆಗಳ ಸುತ್ತ 100 ಮೀಟರನ್ನು ಶಾಂತ ವಲಯವೆಂದು ಗುರುತಿಸಲು ಅದೇ ನಿಯಮ ಅವಕಾಶವೀಯುತ್ತದೆ. ಊರಿನ ಸದ್ದಿನಿಂದ ಶಾಲೆಯನ್ನು ಕಾಪಾಡಲು ಹುಟ್ಟಿದ ಕಟ್ಟಳೆಯನ್ನು ಶಾಲೆಯೇ ಮುರಿದರೆ ಮರುದಿನ ಪೌರನೀತಿಯ ಪಾಠ ಹೇಳುವ ಮೇಷ್ಟ್ರ ಸ್ಥಿತಿ ಶೋಚನೀಯ.

ಹಾಗೆಂದು ಕಾರ್ಯಕ್ರಮ 10 ಗಂಟೆ ಮೀರುವುದಕ್ಕೆ ಡಿಜೆಯೊಬ್ಬನನ್ನೇ ದೂಷಿಸುವುದು ಪ್ರಾಮಾಣಿಕವಲ್ಲ. 6 ಗಂಟೆಗೆಂದು ಅಚ್ಚಾದ ಸಭೆ ಏಳೂವರೆಗೆ ಆರಂಭವಾಗುತ್ತದೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟಕರ ಭಾಷಣ, ದಾನಿಗಳ ಸನ್ಮಾನ, ಸನ್ಮಾನಿತರ ಎರಡು ಮಾತು. ಆ ಎರಡು ಮಾತು ಎರಡೇ ಆದ ನಿದರ್ಶನ ವಿರಳ. ಶಾಲು, ಹಾರ, ಫಲತಾಂಬೂಲ ಮುಗಿಯುವ ಹೊತ್ತಿಗೆ ಮುಖಕ್ಕೆ ಬಣ್ಣ ಬಳಿದುಕೊಂಡ ಮಕ್ಕಳು ಪರದೆಯ ಹಿಂದೆ ನಿದ್ದೆಹೋಗಿರುತ್ತವೆ. ದಾನಿಗಳ ಸನ್ಮಾನವನ್ನು ಹಗಲಿನ ಸಭೆಗೇ ಸೇರಿಸಿ, ರಾತ್ರಿಯ ವೇದಿಕೆಯನ್ನು ಮಕ್ಕಳಿಗೆ ಬಿಟ್ಟುಕೊಡುವ ಔದಾರ್ಯವನ್ನು ದಾನಿಗಳೇ ಮೊದಲು ತೋರಬೇಕು. ಅದು ಅವರ ದೇಣಿಗೆಗಿಂತ ಕಿರಿದೇನಲ್ಲ.

ಹಾಗಾದಲ್ಲಿ ಆರೂವರೆಯಿಂದ ಒಂಬತ್ತೂವರೆಯವರೆಗೆ ತುಂಬಿದ ಮೂರು ಗಂಟೆ ಕೈಗೆ ಬರುತ್ತದೆ. ಬರಿಯ ಹಣತೆಯ ಬೆಳಕಿನಲ್ಲಿ, ತಂಬೂರಿಯ ಶ್ರುತಿಯೊಂದಿಗೆ ವಚನಗಾಯನದಿಂದ ಆರಂಭಿಸಬಹುದು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯವರು ಬಾಳಿದ ನಾಡಿನಲ್ಲಿ ಆ ಮಾರ್ಗಕ್ಕೆ ಮಾದರಿಗಳ ಕೊರತೆಯಿಲ್ಲ. ಮೊದಲು ಮೆಲ್ಲಗೆ ಕೇಳಲು ಹೊಂದಿಕೊಂಡ ಕಿವಿಗೆ ಮುಂದೆ ಅಬ್ಬರದ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ. ಆರಂಭವೇ ತಾರಕದಲ್ಲಾದರೆ ಏರಲು ಮೆಟ್ಟಿಲೇ ಉಳಿಯದು. ಅನಂತರ ಮಕ್ಕಳ ನೃತ್ಯ, ಕಂಪನಿ ನಾಟಕದ ಒಂದು ದೃಶ್ಯ, ಹಿರಿಯ ವಿದ್ಯಾರ್ಥಿಗಳ ಹಾಡು. ಕೊನೆಯ ಮುಕ್ಕಾಲು ಗಂಟೆ, ಎಳೆಯ ಮಕ್ಕಳನ್ನು ಊಟಕ್ಕೆ ಕಳಿಸಿದ ಮೇಲೆ, ತರುಣರು ಬಯಸಿದ ಡಿಜೆ ಬರಲಿ, ಹೊಸ ಹಾಡುಗಳೇ ಬರಲಿ. ಅಶ್ಲೀಲ ಸಾಹಿತ್ಯದ ಹಾಡುಗಳನ್ನು ಮೊದಲೇ ಪಟ್ಟಿಯಿಂದ ತೆಗೆದಿರಬೇಕು. ಮುಗಿಯುವಾಗ ಒಮ್ಮೆಲೇ ಸ್ವಿಚ್ಚು ಆರಿಸದೆ ಧ್ವನಿಯನ್ನೂ ಬೆಳಕನ್ನೂ ಮೆಲ್ಲನೆ ಇಳಿಸಿ, ಮೈದಾನದ ದೀಪಗಳನ್ನು ಹೊತ್ತಿಸಿದ ಮೇಲೆಯೇ ಜನರನ್ನು ಎಬ್ಬಿಸಬೇಕು. ವಿದ್ಯಾರ್ಥಿನಿಲಯದ ಹುಡುಗರು ಮರುದಿನ ಬೆಳಗಿನ ಪ್ರಾರ್ಥನೆಗೆ ಏಳಬೇಕೆಂಬುದೂ ನೆನಪಿರಲಿ.

ಇದಕ್ಕೆಲ್ಲ ತಗಲುವ ಹೆಚ್ಚಿನ ವೆಚ್ಚ ಒಂದು ದಿನದ ಬಾಡಿಗೆ ಮಾತ್ರ. ಧ್ವನಿ ಮತ್ತು ದೀಪದವರನ್ನು ಹಿಂದಿನ ದಿನದ ಸಂಜೆಯೇ ಕರೆಸಿ ಮಕ್ಕಳೊಡನೆ ಪೂರ್ಣ ತಾಲೀಮು ನಡೆಸಬೇಕು. ಜನರೇಟರಿನ ಸಾಮರ್ಥ್ಯ, ತಂತಿಗಳ ಹೊದಿಕೆ, ಅರ್ಥಿಂಗ್ ಇವನ್ನು ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರು ಹಗಲಿನಲ್ಲೇ ಪರೀಕ್ಷಿಸಬೇಕು. ಸಂಗೀತ ಬಲ್ಲ ಅಧ್ಯಾಪಕರೊಬ್ಬರು ಕೈಯಲ್ಲಿ ಕಾರ್ಯಕ್ರಮದ ಪಟ್ಟಿ ಹಿಡಿದು ಮಿಕ್ಸರಿನ ಪಕ್ಕದಲ್ಲಿಯೂ, ಇನ್ನೊಬ್ಬರು ಕೊನೆಯ ಸಾಲಿನಲ್ಲಿಯೂ ಕುಳಿತು ಸಂಜ್ಞೆಯಿಂದ ಮಾತಾಡಿಕೊಳ್ಳಬೇಕು. ವೇದಿಕೆಗೆ, ಶಾಮಿಯಾನಕ್ಕೆ, ಊಟಕ್ಕೆ ಹೆಸರು ಬರೆಸುವ ದಾನಿಗಳು ಅನೇಕರಿದ್ದಾರೆ. ತಾಲೀಮಿನ ದಿನದ ಬಾಡಿಗೆಗೆ ಹೆಸರು ಬರೆಸುವವರು ಈ ಸಲ ಯಾರಾದರೂ ಮುಂದೆ ಬರಬೇಕಾಗಿದೆ.